ಮೇಲೂ ಕೆಂಡ, ಕೆಳಗೂ ಕೆಂಡ: ಮನೆಯಲ್ಲಿ ಪಿಜ್ಜಾ ಬೇಯಿಸುವ ಬಗೆ

ಹಲಸಿನ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಅಜ್ಜಿಯ ಕೆಂಡದಡ್ಯೆ ಇದ್ದೇ ಇರುತ್ತಿತ್ತು. ಕಾಸರಗೋಡಿನ ಬದಿಯಡ್ಕದಿಂದ ನಾಲ್ಕೈದು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ತಲೆಗಿರುವ ಮನೆ ನಮ್ಮದು. ನೆನೆಸಿದ ಅಕ್ಕಿ, ಹಲಸಿನ ಸೊಳೆ, ಬೆಲ್ಲ, ಕಾಯಿ ಸೇರಿಸಿ ಕಡೆದ ಹಿಟ್ಟನ್ನು ಅಜ್ಜಿ ಬಾಡಿಸಿದ ಬಾಳೆಲೆ ಹಾಸಿದ ಉರುಳಿಗೆ ಹೊಯ್ದು, ಒಲೆಯ ಕೆಂಡದ ಮೇಲಿಡುತ್ತಿದ್ದರು. ಆಮೇಲೆ ಮುಚ್ಚಳ. ಮುಚ್ಚಳದ ಮೇಲೆ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ ಕೆಂಡ. ಕೆಳಗೆ ನಾಲ್ಕು ಕೆಂಡವಿದ್ದರೆ ಮೇಲೆ ಎಂಟು. 'ಅಡಿ ತಾನಾಗಿ ಬೇಯುತ್ತದೆ ಮಗಾ, ಮೇಲಿನದ್ದನ್ನು ನಾವು ಬೇಯಿಸಬೇಕು' ಎನ್ನುತ್ತಿದ್ದರು. ಒಂದು ಗಂಟೆ ಬಿಟ್ಟು ಮುಚ್ಚಳ ಸರಿಸಿದರೆ ಮೇಲ್ಮೈ ಕಂದಾಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು, ಅಡುಗೆಮನೆಯಿಡೀ ಸುಟ್ಟ ಬೆಲ್ಲದ ಪರಿಮಳ.

ಮನೆಯಲ್ಲಿ ಪಿಜ್ಜಾ ಮಾಡಬೇಕೆಂದು ನಾನು ಹೊರಟದ್ದು 1984ರಲ್ಲಿ, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷ. ಸರಿಯಾದ ಪಿಜ್ಜಾ ಒಲೆಯಿಂದ ಹೊರಗೆ ಬರುವ ಹೊತ್ತಿಗೆ ನನ್ನ ತಲೆಗೂದಲು ಅರ್ಧ ನರೆತಿತ್ತು. ಅಷ್ಟೂ ವರ್ಷ ಹಿಟ್ಟಿನಲ್ಲಿ ತಪ್ಪು ಹುಡುಕಿದೆ, ಚೀಸಿನಲ್ಲಿ ತಪ್ಪು ಹುಡುಕಿದೆ. ಬೇಕಾಗಿದ್ದ ಪಾಠ ಅಜ್ಜಿಯ ಉರುಳಿಯ ಮುಚ್ಚಳದ ಮೇಲಿತ್ತು. ನನಗೆ ಹಿಡಿದಷ್ಟು ಕಾಲ ನಿಮಗೆ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಕರಾವಳಿಯ ಸೆಕೆ, ನಮ್ಮ ಮಳೆ, ನಮ್ಮ ಅಂಗಡಿಗಳಲ್ಲಿ ಸಿಗುವ ಮೈದಾ, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕ್ರಮ ಇದು.

ಮೊದಲು ಬಿಸಿಯ ಸಂಗತಿ

ಆ ವರ್ಷ ಕುವೈತಿನಿಂದ ಬಂದ ಮಾವನ ಮಗ ಒಂದು ಡಬ್ಬಿ ಚೀಸ್ ತಂದಿದ್ದ. ಪಿಜ್ಜಾ ಎಂದರೆ ಹೇಗಿರುತ್ತದೆ ಎಂದು ಕಾಗದದಲ್ಲಿ ಚಿತ್ರ ಬಿಡಿಸಿ ತೋರಿಸಿದ. ನಾವು ದಪ್ಪ ಚಪಾತಿಗೆ ಟೊಮೆಟೊ ಗೊಜ್ಜು ಬಳಿದು, ಚೀಸ್ ತುರಿದು ಹಾಕಿ, ದೋಸೆ ಕಾವಲಿಯಲ್ಲಿ ಮುಚ್ಚಿಟ್ಟೆವು. ಅಡಿ ಕರಿದಾಯಿತು. ಮೇಲೆ ಹಿಟ್ಟು ಹಸಿ, ಚೀಸ್ ಬೆವರಿದ ಹಾಗೆ ಎಣ್ಣೆ ಬಿಟ್ಟು ಕೂತಿತ್ತು. ನಮ್ಮ ದೋಸೆ, ರೊಟ್ಟಿ, ನೀರುದೋಸೆ ಎಲ್ಲವೂ ಕೆಳಗಿನ ಬಿಸಿಯಲ್ಲಿ ಬೇಯುವಂಥವು. ತೆಳ್ಳಗಿರುವುದರಿಂದಲೋ, ಮಗುಚಿ ಹಾಕುವುದರಿಂದಲೋ ಅವಕ್ಕೆ ಅಷ್ಟು ಸಾಕು. ಪಿಜ್ಜಾವನ್ನು ಮಗುಚುವಂತಿಲ್ಲ. ಅದರ ಮೇಲೆ ಒದ್ದೆ ಸಾಸ್ ಇದೆ, ಹಾಲಿನ ಕೊಬ್ಬಿದೆ. ಅಡಿ ಗರಿಯಾಗುವಷ್ಟು ಹೊತ್ತಿನಲ್ಲೇ ಮೇಲಿನ ನೀರು ಆರಿ, ಅಂಚು ಉಬ್ಬಿ, ಚೀಸ್ ಕರಗಿ ಚುಕ್ಕೆ ಬೀಳಬೇಕು.

ಇಟಲಿಯ ನೇಪಲ್ಸ್‌ನ ಕಟ್ಟಿಗೆ ಒಲೆಗಳಲ್ಲಿ ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. 60ರಿಂದ 90 ಸೆಕೆಂಡಿನಲ್ಲಿ ಪಿಜ್ಜಾ ಬೆಂದು ಹೊರಬರುತ್ತದೆ. ಗುಮ್ಮಟದಾಕಾರದ ಛಾವಣಿ ಉರಿಯ ಕಾವನ್ನು ಕೆಳಗೆ ತಿರುಗಿಸುತ್ತದೆ, ಕಾದ ಕಲ್ಲಿನ ನೆಲ ಅಡಿಯನ್ನು ಸುಡುತ್ತದೆ. ಆ ಊರಿನ ಪಿಜ್ಜಾ ತಟ್ಟುವವರ ಕೈಚಳಕವನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಯ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, 250 ಡಿಗ್ರಿಗಿಂತ ಮೇಲೇರುವುದು ಅಪರೂಪ. ಹಾಗಾಗಿ ನೇಪಲ್ಸ್‌ನ ಹಿಟ್ಟಿನ ಅಳತೆಯನ್ನು ಹಾಗೇ ತಂದು ಓಟಿಜಿಯಲ್ಲಿಟ್ಟರೆ ಬಿಸ್ಕತ್ತಿನಂತೆ ಒಣಗಿ ಹೋಗುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಟ್ಟಿಗೆ ಹೋಗೋಣ.

ಹಿಟ್ಟು: 2 ದಿನ ಮೊದಲೇ ಶುರು

25 ಸೆಂಟಿಮೀಟರ್ ಅಗಲದ 3 ಪಿಜ್ಜಾಕ್ಕೆ ಬೇಕಾದದ್ದು: ಮೈದಾ 500 ಗ್ರಾಂ, ನೀರು 300 ಗ್ರಾಂ, ಉಪ್ಪು 12 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ, ಎಣ್ಣೆ 10 ಗ್ರಾಂ. ನೀರನ್ನೂ ತಕ್ಕಡಿಯಲ್ಲೇ ತೂಗಿ. ಕುಡ್ತೆಯ ಲೆಕ್ಕ, ಲೋಟದ ಲೆಕ್ಕ ದೋಸೆಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ನಾನು ಅಡುಗೆಮನೆಗೆಂದು ಕೊಂಡ ಸಾಮಾನುಗಳಲ್ಲಿ ಅತಿ ಹೆಚ್ಚು ಉಪಕಾರವಾದದ್ದು ಒಂದು ಸಣ್ಣ ಡಿಜಿಟಲ್ ತಕ್ಕಡಿಯಿಂದ. 1 ಗ್ರಾಂ ಯೀಸ್ಟ್ ತೂಗಲು ಆಗದಿದ್ದರೆ ಚಹಾ ಚಮಚದ ಮೂರನೇ ಒಂದು ಪಾಲು ಎಂದಿಟ್ಟುಕೊಳ್ಳಿ. ಎಣ್ಣೆ ಓಟಿಜಿಯಲ್ಲಿ ಬೇಯಿಸುವವರಿಗೆ ಮಾತ್ರ. ಹೆಚ್ಚು ಹೊತ್ತು ಬೇಯುವಾಗ ಹಿಟ್ಟು ಒಣಗದಂತೆ ಅದು ತಡೆಯುತ್ತದೆ. ಕಟ್ಟಿಗೆ ಒಲೆ ಇದ್ದವರು ಬಿಟ್ಟುಬಿಡಿ.

ಮೈದಾ ಪ್ಯಾಕೆಟ್ಟಿನ ಹಿಂದೆ ಪ್ರೋಟೀನ್ ಎಷ್ಟೆಂದು ನೋಡಿ ತನ್ನಿ. 100 ಗ್ರಾಮಿಗೆ 11 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. 9ರ ಆಸುಪಾಸಿನದ್ದು ಬಿಸ್ಕತ್ತಿಗೆ ಸರಿ, ಪಿಜ್ಜಾಕ್ಕೆ ಎಳೆದರೆ ಹರಿಯುತ್ತದೆ. ಗೋಧಿ ಹಿಟ್ಟು ಬಳಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಚಕ್ಕಿ ಹಿಟ್ಟಿನಲ್ಲಿ ಪ್ರೋಟೀನ್ ಕಡಿಮೆಯೇನಿಲ್ಲ, ಆದರೆ ತೌಡು ಅಂಟಿನ ಎಳೆಗಳನ್ನು ಕತ್ತರಿಸುತ್ತದೆ, ಬೀಸುವಾಗ ಪಿಷ್ಟ ಜಜ್ಜಿಹೋಗಿ ನೀರನ್ನು ಹೆಚ್ಚು ಕುಡಿಯುತ್ತದೆ. 100 ಗ್ರಾಂ ಮೈದಾ ತೆಗೆದು ಅಷ್ಟೇ ಗೋಧಿ ಹಿಟ್ಟು ಸೇರಿಸಿ, 15 ಗ್ರಾಂ ನೀರು ಹೆಚ್ಚು ಹಾಕಿ. ಆಗ ರುಚಿಯೂ ಬರುತ್ತದೆ, ಹಿಟ್ಟೂ ಕೈಯಲ್ಲಿ ನಿಲ್ಲುತ್ತದೆ. ಪೂರ್ತಿ ಗೋಧಿಯದ್ದಾದರೆ ಅದು ಚಪಾತಿಯ ದಾರಿ ಹಿಡಿಯುತ್ತದೆ.

ಯೀಸ್ಟಿನ ವಿಷಯದಲ್ಲಿ ನಾನು ಕಳೆದುಕೊಂಡ ವರ್ಷಗಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಮಂಗಳೂರಿನ ಒಂದು ಅಂಗಡಿಯಿಂದ ಡಬ್ಬಿಗಟ್ಟಲೆ ತಂದು ಅಡುಗೆಮನೆಯ ಶೆಲ್ಫಿನಲ್ಲಿಟ್ಟೆ. ನಮ್ಮ ಜೂನ್–ಜುಲೈ ತಿಂಗಳ ತೇವಕ್ಕೆ ಅದು ಎರಡೇ ವಾರದಲ್ಲಿ ಸತ್ತಿತು. ಉಳಿದದ್ದನ್ನು ಕುದಿನೀರಿಗೆ ಹಾಕಿ ನಾನೇ ಕೊಂದೆ. 55–60 ಡಿಗ್ರಿ ದಾಟಿದರೆ ಯೀಸ್ಟ್ ಬದುಕುವುದಿಲ್ಲ. ಈಗ ಪ್ಯಾಕೆಟ್ ಒಡೆದ ಕೂಡಲೇ ಗಾಜಿನ ಸಣ್ಣ ಬಾಟಲಿಗೆ ತುಂಬಿ ಫ್ರೀಜರಿನಲ್ಲಿಡುತ್ತೇನೆ, ತಿಂಗಳುಗಟ್ಟಲೆ ಬರುತ್ತದೆ. ಪೇಟೆಯ ಬೇಕರಿಯವರ ಪರಿಚಯವಿದ್ದರೆ ಅವರಲ್ಲಿ ಹಸಿ ಯೀಸ್ಟಿನ ಗಟ್ಟಿ ಕೇಳಿ ನೋಡಿ. ಅದಾದರೆ 3 ಪಾಲು ಹಾಕಬೇಕು, 1 ಗ್ರಾಮಿನ ಜಾಗದಲ್ಲಿ 3 ಗ್ರಾಂ.

ಪುಸ್ತಕದ ಅಳತೆಗಳೆಲ್ಲ 20–22 ಡಿಗ್ರಿಯ ಅಡುಗೆಮನೆಯವು. ನಮ್ಮಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಒಳಗೇ 32 ಇರುತ್ತದೆ. ಬಿಸಿ 8–10 ಡಿಗ್ರಿ ಏರಿದರೆ ಹುದುಗುವ ವೇಗ ಹೆಚ್ಚುಕಡಿಮೆ ಇಮ್ಮಡಿ. ಅವರು '2 ಗಂಟೆ ಬಿಡಿ' ಎಂದರೆ ನಮಗೆ 1 ಗಂಟೆ. ನೀರು ಫ್ರಿಜ್ಜಿನದ್ದೇ ಆಗಲಿ. ಮಳೆಗಾಲದಲ್ಲಿ ಬಾವಿಯ ನೀರು ಸಾಕಷ್ಟು ತಣ್ಣಗಿರುತ್ತದೆ.

ಕಲಸುವ ಕ್ರಮ ಹೀಗೆ. ತಣ್ಣೀರಿಗೆ ಉಪ್ಪು ಹಾಕಿ ಕರಗಿಸಿ. ಮೈದಾಕ್ಕೆ ಯೀಸ್ಟ್ ಬೆರೆಸಿ ನೀರಿಗೆ ಸೇರಿಸಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, ಒದ್ದೆ ಬಟ್ಟೆ ಮುಚ್ಚಿ 25 ನಿಮಿಷ ಬಿಡಿ. ಈ ಬಿಡುವಿನಲ್ಲಿ ಹಿಟ್ಟು ನೀರು ಕುಡಿದು ತಾನಾಗಿ ಹದಕ್ಕೆ ಬರುತ್ತದೆ, ಕೈಗೆ ಅರ್ಧ ಕೆಲಸ ಉಳಿಯುತ್ತದೆ. ಆಮೇಲೆ ಎಣ್ಣೆ ಹಾಕಿ 8 ನಿಮಿಷ ನಾದಿ. ಅಂಗೈಯ ಬುಡದಿಂದ ಮುಂದೆ ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿ. ಅಂಟುತ್ತದೆಂದು ಹಿಟ್ಟು ಉದುರಿಸುತ್ತಾ ಹೋಗಬೇಡಿ, ಕೈ ಒದ್ದೆ ಮಾಡಿಕೊಳ್ಳಿ. ನಿಂಬೆ ಗಾತ್ರದ ತುಂಡು ಹರಿದು ನಾಲ್ಕು ಬೆರಳಲ್ಲಿ ಮೆಲ್ಲನೆ ಹಿಗ್ಗಿಸಿ ಕಿಟಕಿಗೆ ಹಿಡಿಯಿರಿ. ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾದರೆ ನಾದಿದ್ದು ಸಾಕು.

1 ಗಂಟೆ ಹೊರಗಿಟ್ಟು, 270 ಗ್ರಾಮಿನ 3 ಉಂಡೆ ಮಾಡಿ. ಉಂಡೆ ಕಟ್ಟುವಾಗ ಅಂಚುಗಳನ್ನು ಅಡಿಗೆ ಸೇರಿಸುತ್ತಾ ಮೇಲಿನ ಚರ್ಮ ಬಿಗಿಯಾಗುವಂತೆ ಕಟ್ಟಬೇಕು, ನಾಳೆ ಅಂಚು ಉಬ್ಬುವುದು ಇದರಿಂದಲೇ. ಎಣ್ಣೆ ಸವರಿದ ಡಬ್ಬಿಗಳಲ್ಲಿಟ್ಟು, ಮುಚ್ಚಿ, ಫ್ರಿಜ್ಜಿನಲ್ಲಿ 24ರಿಂದ 48 ಗಂಟೆ. ಚಳಿಯಲ್ಲಿ ಯೀಸ್ಟ್ ನಿಧಾನವಾಗುತ್ತದೆ, ಆದರೆ ಹಿಟ್ಟಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಲೇ ಇರುತ್ತವೆ. ಆ ಸಕ್ಕರೆಯೇ ಬೇಯುವಾಗ ಕಂದು ಬಣ್ಣ ಕೊಡುವುದು. ಅದೇ ದಿನ ಮಾಡಿದ ಹಿಟ್ಟು 250 ಡಿಗ್ರಿಯಲ್ಲಿ ಬಿಳಿಚಿಕೊಂಡೇ ಇರುತ್ತದೆ. ಎರಡನೇ ದಿನ ಡಬ್ಬಿಯ ಮುಚ್ಚಳ ತೆಗೆದಾಗ ಹದವಾಗಿ ಹುಳಿಬಂದ ದೋಸೆ ಹಿಟ್ಟಿನ ಪರಿಮಳ ಮೂಗಿಗೆ ಬರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು, ನಿಧಾನವಾಗಿ ಅರ್ಧ ಮಾತ್ರ ಮೇಲೇಳಬೇಕು. ತಟಕ್ಕನೆ ಪೂರ್ತಿ ಎದ್ದರೆ ಇನ್ನೂ ಸಮಯ ಬೇಕು. ಏಳಲೇ ಇಲ್ಲವೆಂದರೆ ಹೆಚ್ಚಾಯಿತು, ಕೂಡಲೇ ಬೇಯಿಸಿಬಿಡಿ. ಮಳೆಗಾಲದಲ್ಲಿ ಕರೆಂಟು ಆರೆಂಟು ಗಂಟೆ ಹೋಗುವುದು ನಮ್ಮಲ್ಲಿ ಸಾಮಾನ್ಯ. ಆಗ ಫ್ರಿಜ್ಜಿನ ಬಾಗಿಲು ತೆರೆಯಬೇಡಿ, ಮತ್ತು ಆ ಹಿಟ್ಟನ್ನು ಮರುದಿನಕ್ಕೆ ಉಳಿಸಬೇಡಿ.

ಸಾಸ್

ಟೊಮೆಟೊ ಇಟಲಿಯ ಮೂಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ನಮ್ಮ ಗಾಂಧಾರಿ ಮೆಣಸಿನ ಮೂಲವೂ ಅಲ್ಲೇ. ನೇಪಲ್ಸ್‌ನವರು ವೆಸುವಿಯಸ್ ಜ್ವಾಲಾಮುಖಿಯ ಸುತ್ತಿನ ಮಣ್ಣಲ್ಲಿ ಬೆಳೆದ ಸ್ಯಾನ್ ಮಾರ್ಜಾನೊ ಹಣ್ಣನ್ನು ಕಿವುಚಿ, ಉಪ್ಪು ಹಾಕಿ, ಕುದಿಸದೆ ಹಾಗೇ ಬಳಿಯುತ್ತಾರೆ. ಘಟ್ಟದ ಮೇಲಿನಿಂದ ನಮ್ಮಲ್ಲಿಗೆ ಲಾರಿಯಲ್ಲಿ ಬರುವ ಟೊಮೆಟೊದಲ್ಲಿ ನೀರು ಜಾಸ್ತಿ, ಹಾಗೆ ಮಾಡಿದರೆ ಪಿಜ್ಜಾ ಸಾರಿನಲ್ಲಿ ಮುಳುಗುತ್ತದೆ.

ಅರ್ಧ ಕಿಲೋ, ಉದ್ದನೆಯ ಆಕಾರದ ಚೆನ್ನಾಗಿ ಹಣ್ಣಾದವನ್ನು ಆರಿಸಿ. ಕುದಿನೀರಿಗೆ 1 ನಿಮಿಷ ಹಾಕಿ ಸಿಪ್ಪೆ ಸುಲಿಯಿರಿ. ಅಡ್ಡಕ್ಕೆ ಸೀಳಿ ಬೀಜ, ನೀರು ಹಿಂಡಿ ತೆಗೆಯಿರಿ, ಅದು ರಾತ್ರಿಯ ಸಾರಿಗಾಯಿತು. ತಿರುಳನ್ನು ಕೈಯಲ್ಲೇ ಕಿವುಚಿ. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಬಣ್ಣ ಕೇಸರಿಯಾಗುತ್ತದೆ. ಅಗಲ ಬಾಣಲೆಯಲ್ಲಿ ಎಣ್ಣೆಗೆ 2 ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ತಿರುಳು, ಅರ್ಧ ಚಮಚ ಉಪ್ಪು, ಹುಳಿ ಜಾಸ್ತಿಯಿದ್ದರೆ ಚಿಟಿಕೆ ಸಕ್ಕರೆ. ಚಮಚದಲ್ಲಿ ಗೀರಿದರೆ ಬಾಣಲೆಯ ತಳ ಒಂದು ಕ್ಷಣ ಕಾಣುವಷ್ಟು ಆರಿಸಿ, 15 ನಿಮಿಷ ಬೇಕು. ಒಂದು ಪಿಜ್ಜಾಕ್ಕೆ 3 ದೊಡ್ಡ ಚಮಚ, ಅದಕ್ಕಿಂತ ಹೆಚ್ಚು ಬೇಡ.

ಬೇಸಿಲ್ ಎಲೆಗೆ ಅಲೆಯಬೇಕಿಲ್ಲ. ಅದು ನಮ್ಮ ಕಾಮಕಸ್ತೂರಿಯೇ, ಬೀಜವನ್ನು ಶರಬತ್ತಿಗೆ ಹಾಕುತ್ತೇವಲ್ಲ, ಅದೇ ಗಿಡ. ನಮ್ಮ ತಳಿಗೆ ಸೋಂಪಿನ ವಾಸನೆ ಸ್ವಲ್ಪ ಮುಂದಾಗಿ ಬರುತ್ತದೆ, ನನಗದು ಇಷ್ಟ. ಎಷ್ಟೋ ವರ್ಷ ಅಂಗಳದ ಕಟ್ಟೆಯ ಪಕ್ಕದಲ್ಲೇ ಅದು ಬೆಳೆದು ಹೂ ಬಿಡುತ್ತಿತ್ತು, ನಾನು ಪೇಟೆಯಿಂದ ಒಣಗಿದ ಬೇಸಿಲ್ ಪುಡಿ ತರುತ್ತಿದ್ದೆ. ತುಳಸಿ ಹಾಕಬೇಡಿ, ಬಿಸಿಗೆ ಅದು ಕಷಾಯದ ವಾಸನೆ ಕೊಡುತ್ತದೆ.

ಚೀಸ್

ಚೌಕ ತುಂಡುಗಳಾಗಿ ಸಿಗುವ ಸಂಸ್ಕರಿತ ಚೀಸ್ ಕರಗುತ್ತದೆ, ಎಳೆಯಾಗುವುದಿಲ್ಲ. ಎಳೆ ಬೇಕಾದರೆ ಮೊಝರೆಲಾ ಬೇಕು. ಗಟ್ಟಿಯಾಗಿ ಸಿಗುವುದನ್ನೇ ಕೊಂಡು ಮನೆಯಲ್ಲಿ ತುರಿಯಿರಿ. ತುರಿದೇ ಮಾರುವುದಕ್ಕೆ ಅಂಟದಿರಲೆಂದು ಪಿಷ್ಟದ ಪುಡಿ ಹಾಕಿರುತ್ತಾರೆ, ಕರಗುವಾಗ ಅದು ಅಡ್ಡ ಬರುತ್ತದೆ. ಒಂದು ಪಿಜ್ಜಾಕ್ಕೆ 80 ಗ್ರಾಂ ಸಾಕು. ನೀರಿನಲ್ಲಿ ತೇಲಿಸಿಟ್ಟು ಮಾರುವ ಹಸಿ ಮೊಝರೆಲಾ ಆದರೆ ತುಂಡು ಮಾಡಿ, ಬಟ್ಟೆಯಲ್ಲಿ ಸುತ್ತಿ 2 ಗಂಟೆ ಫ್ರಿಜ್ಜಿನಲ್ಲಿಟ್ಟು ನೀರಿಳಿಸಲೇಬೇಕು.

ಮನೆಯಲ್ಲಿ ದನವಿದ್ದವರಿಗೆ ಇನ್ನೊಂದು ದಾರಿ. ನಮ್ಮಲ್ಲಿ ಒಂದು ಕಾಸರಗೋಡು ಗಿಡ್ಡ ಇತ್ತು. ಸೊಂಟದೆತ್ತರವೂ ಇಲ್ಲದ ಹಸು, ಹೊತ್ತಿಗೆ ಒಂದು ಒಂದೂವರೆ ಲೀಟರು ಕೊಡುತ್ತಿತ್ತು. 2 ಹೊತ್ತಿನ ಹಾಲು ಸೇರಿಸಿ 2 ಲೀಟರ್ ಮಾಡಿ, ಸುಮಾರು 46 ಡಿಗ್ರಿಗೆ ಬಿಸಿ ಮಾಡುತ್ತಿದ್ದೆ. ಬೆರಳು ಮುಳುಗಿಸಿದರೆ ಬಿಸಿ ಅನ್ನಿಸಬೇಕು, ಸುಡಬಾರದು. ಉರಿ ಆರಿಸಿ 100 ಮಿಲಿಲೀಟರ್ ಬಿಳಿ ವಿನೆಗರ್ ಹೊಯ್ದು, ಮೆಲ್ಲನೆ ತಿರುಗಿಸಿ, 15 ನಿಮಿಷ ಮುಚ್ಚಿಡಿ. ಒಡೆದ ಹಾಲನ್ನು ಕೈಯಲ್ಲಿ ಒಟ್ಟುಮಾಡಿ ಹಿಂಡಿ. ಹಾಲೊಡಕಿನ ನೀರನ್ನು ಕೈ ತಾಳದಷ್ಟು, 70–75 ಡಿಗ್ರಿಗೆ ಕಾಯಿಸಿ, ಉಪ್ಪು ಹಾಕಿ, ಗಟ್ಟಿಯನ್ನು ಅದರಲ್ಲಿ ಅದ್ದಿ ತೆಗೆದು ಎಳೆಯಿರಿ, ಮಡಚಿ, ಮತ್ತೆ ಅದ್ದಿ. ನಾಲ್ಕನೇ ಸಲಕ್ಕೆ ಅದು ಪನೀರಿನ ಗುಣ ಬಿಟ್ಟು, ಹೊಳಪು ಬಂದು, ಹಗ್ಗದಂತೆ ಉದ್ದಕ್ಕೆ ಹೋಗುತ್ತದೆ. ಹಾಲಿನ ಪ್ರೋಟೀನನ್ನು ಬಿಗಿದಿಟ್ಟ ಸುಣ್ಣದ ಅಂಶವನ್ನು ಹುಳಿ ಸಡಿಲಿಸಿದ್ದರಿಂದ ಈ ಹಿಗ್ಗು. ಸುಮಾರು 200 ಗ್ರಾಂ ಸಿಗುತ್ತದೆ. ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು ತುರಿಯಿರಿ. ಪ್ಯಾಕೆಟ್ ಹಾಲಿನಲ್ಲಿ ಇದು ಕಷ್ಟ. ಹೆಚ್ಚು ಬಿಸಿಯಲ್ಲಿ ಸಂಸ್ಕರಿಸಿ ತಿಂಗಳುಗಟ್ಟಲೆ ಇಡುವ ಹಾಲಿನಲ್ಲಿ ಆಗುವುದೇ ಇಲ್ಲ.

ತಟ್ಟುವುದು

ಬೇಯಿಸುವ 1 ಗಂಟೆ ಮೊದಲು ಉಂಡೆಗಳನ್ನು ಹೊರಗಿಡಿ. ತಣ್ಣಗಿದ್ದರೆ ಹಿಗ್ಗುವುದಿಲ್ಲ, ಎಳೆದಷ್ಟೂ ಹಿಂದೆ ಬರುತ್ತದೆ. ಲಟ್ಟಣಿಗೆಯನ್ನು ಒಳಗಿಟ್ಟುಬಿಡಿ. 2 ದಿನ ಕೂಡಿಟ್ಟ ಗಾಳಿಯನ್ನೆಲ್ಲ ಅದು ಒಂದೇ ಉಸಿರಿಗೆ ಹೊರಹಾಕುತ್ತದೆ. ಅಕ್ಕಿ ಹಿಟ್ಟು ಉದುರಿಸಿದ ಹಲಗೆಯ ಮೇಲೆ ಉಂಡೆಯಿಟ್ಟು, ನಡುವಿನಿಂದ ಹೊರಕ್ಕೆ ಬೆರಳ ತುದಿಯಲ್ಲಿ ಒತ್ತುತ್ತಾ ಬನ್ನಿ. ಅಂಚಿನ ಒಂದೂವರೆ ಸೆಂಟಿಮೀಟರನ್ನು ಮುಟ್ಟಬೇಡಿ. ಆಮೇಲೆ ಎರಡೂ ಮುಷ್ಟಿಯ ಹಿಂಬದಿಯ ಮೇಲೆ ಎತ್ತಿಕೊಂಡು ತಿರುಗಿಸುತ್ತಾ ಹೋದರೆ ತನ್ನ ಭಾರಕ್ಕೇ ಹಿಗ್ಗುತ್ತದೆ. ತೂತು ಬಿದ್ದರೆ ಚಿವುಟಿ ಮುಚ್ಚಿ, ತೊಂದರೆಯೇನಿಲ್ಲ.

ಪಿಜ್ಜಾ ಜಾರಿಸಲು ಮರದ ಸಲಿಕೆಯಂಥದ್ದೊಂದು ಅಂಗಡಿಯಲ್ಲಿ ಸಿಗುತ್ತದೆ. ನಾನು ಅಡಿಕೆ ಹಾಳೆ ಬಳಸುತ್ತೇನೆ. ಅಗಲವಾದ, ಚೆನ್ನಾಗಿ ಒಣಗಿದ ಹಾಳೆಯನ್ನು ನೆನೆಸಿ, ಭಾರವಿಟ್ಟು ಚಪ್ಪಟೆ ಒಣಗಿಸಿ, ಒಂದಡಿ ಚೌಕಕ್ಕೆ ಕತ್ತರಿಸಿಕೊಳ್ಳಿ. ಒಳಮೈ ನುಣುಪಾಗಿರುತ್ತದೆ, ಅದರ ಮೇಲೆ ಅಕ್ಕಿ ಹಿಟ್ಟು ಉದುರಿಸಿದರೆ ಪಿಜ್ಜಾ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಮೈದಾಕ್ಕಿಂತ ಅಕ್ಕಿ ಹಿಟ್ಟು ವಾಸಿ, ಬೇಗ ಕರಿದಾಗುವುದಿಲ್ಲ. ಸಾಸ್, ಚೀಸ್ ಹಾಕಿದ ಮೇಲೆ ಹಾಳೆಯನ್ನೊಮ್ಮೆ ಅಲ್ಲಾಡಿಸಿ ನೋಡಿ. ಪಿಜ್ಜಾ ಅಲುಗದಿದ್ದರೆ ಎಲ್ಲೋ ಅಂಟಿದೆ, ಅಂಚೆತ್ತಿ ಇನ್ನಷ್ಟು ಹಿಟ್ಟು ಹಾಕಿ. ಹಾಕಿದ ಮೇಲೆ ತಡಮಾಡಬಾರದು, 2 ನಿಮಿಷದಲ್ಲಿ ಸಾಸಿನ ನೀರು ಇಳಿದು ಅಂಟಿಕೊಳ್ಳುತ್ತದೆ.

ಓಟಿಜಿಯಲ್ಲಿ

ಪಿಡಿಯಿಲ್ಲದ ದಪ್ಪ ಬೀಡು ಕಬ್ಬಿಣದ ದೋಸೆ ಕಾವಲಿಯನ್ನು ಕವುಚಿ, ಬಿಸಿ ಕೊಡುವ ಮೇಲಿನ ಸರಳಿನಿಂದ ಒಂದು ಗೇಣು ಕೆಳಗೆ ಬರುವಂತೆ ಜಾಲರಿಯ ಮೇಲಿಡಿ. ಎರಡೂ ಸರಳು ಹಾಕಿ, 250 ಡಿಗ್ರಿಯಲ್ಲಿ 45 ನಿಮಿಷ. ದೀಪ ಆರಿದ ಕೂಡಲೇ ಬಿಸಿಯಾಯಿತೆಂದು ನಂಬಬೇಡಿ. ಆ ದೀಪ ಹೇಳುವುದು ಗಾಳಿಯ ಬಿಸಿಯನ್ನು, ಕಬ್ಬಿಣ ಕಾಯಲು ಹೊತ್ತು ಬೇಕು. ಪಿಜ್ಜಾ ಒಳಗೆ ಹಾಕುವ 5 ನಿಮಿಷ ಮೊದಲು ಮೇಲಿನ ಸರಳು ಮಾತ್ರ ಉರಿಯುವಂತೆ ತಿರುಗಿಸಿ. ಬೇಯುವಷ್ಟು ಹೊತ್ತೂ ಅದು ಕೆಂಪಗೆ ಉರಿಯುತ್ತಿರಬೇಕು, ಅಜ್ಜಿಯ ಮುಚ್ಚಳದ ಮೇಲಿನ ಎಂಟು ಕೆಂಡ ಇದೇ. ಅಡಿಯ ಬಿಸಿಯನ್ನು ಕಾವಲಿ ನೋಡಿಕೊಳ್ಳುತ್ತದೆ.

7ರಿಂದ 9 ನಿಮಿಷ ಹಿಡಿಯುತ್ತದೆ. 3ನೇ ನಿಮಿಷಕ್ಕೆ ಗಾಜಿನಾಚೆ ಅಂಚು ಏಳತೊಡಗುತ್ತದೆ, ಅಲ್ಲಲ್ಲಿ ಗುಳ್ಳೆ ಎದ್ದು ನಡುಗುತ್ತದೆ, 5ಕ್ಕೆ ಚೀಸ್ ಕುದಿಯುತ್ತದೆ. ಆಗ ಬಾಗಿಲು ತೆರೆದು ಒಮ್ಮೆ ಅರ್ಧ ಸುತ್ತು ತಿರುಗಿಸಿ. ಗುಳ್ಳೆಯ ನೆತ್ತಿ ಕಪ್ಪಾಗುತ್ತಿದ್ದಂತೆ ಹೊರತೆಗೆಯಿರಿ, ತಟ್ಟೆಗೆ ಹಾಕದೆ ಜಾಲರಿಯ ಮೇಲೆ 2 ನಿಮಿಷ ಬಿಡಿ. ತಟ್ಟೆಯಲ್ಲಿ ಅಡಿಯ ಹಬೆ ಒಳಗೇ ನಿಂತು ಗರಿ ಹೋಗುತ್ತದೆ. ಎರಡನೇ ಪಿಜ್ಜಾಕ್ಕೆ ಮೊದಲು ಮತ್ತೆ ಎರಡೂ ಸರಳು ಹಾಕಿ 10 ನಿಮಿಷ ಕಾಯಿಸಬೇಕು. ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನುವ ಆಸೆಯನ್ನು ಇಲ್ಲಿ ಬಿಡಬೇಕಾಗುತ್ತದೆ, ಬಂದದ್ದನ್ನು ಬಂದಂತೆ ಹಂಚಿಕೊಳ್ಳಬೇಕು.

ಓಟಿಜಿ ಇಲ್ಲದ ಮನೆಯಲ್ಲಿ

ಕುಕ್ಕರಿನಲ್ಲಿ ಮರಳು ಹಾಕಿ ಬೇಯಿಸುವ ಪದ್ಧತಿ ಒಂದು ಕಾಲದಲ್ಲಿ ಎಲ್ಲ ಕಡೆ ಇತ್ತು, ನಾನೂ 10 ವರ್ಷ ಮಾಡಿದೆ. ಅದರಲ್ಲಿ ಮೇಲಿನ ಬಿಸಿ ಇಲ್ಲವೇ ಇಲ್ಲ. ಅಲ್ಯೂಮಿನಿಯಂ ಪಾತ್ರೆ ಒಣ ಬಿಸಿಗೆ ಸೊಟ್ಟಗಾಗಿ, ಆಮೇಲೆ ಅನ್ನಕ್ಕೂ ಬಾರದಂತಾಗುತ್ತದೆ. ಬಿಟ್ಟುಬಿಡಿ.

ಗ್ಯಾಸಿನ 2 ಒಲೆ ಇದ್ದರೆ ಒಂದರಲ್ಲಿ ಬೀಡು ಕಾವಲಿ, ಇನ್ನೊಂದರಲ್ಲಿ ಅದನ್ನು ಮುಚ್ಚುವಷ್ಟು ಅಗಲದ ಬೀಡು ಬಾಣಲೆ ಕವುಚಿ 10 ನಿಮಿಷ ಕಾಯಿಸಿ. ಏನೂ ಹಾಕದ ಹಿಟ್ಟನ್ನು ಕಾವಲಿಯಲ್ಲಿ ಒಂದೂವರೆ ನಿಮಿಷ ಬೇಯಿಸಿ ಮಗುಚಿ. ಕಂದಾದ ಮೇಲ್ಮೈಗೆ ಸಾಸ್, ಚೀಸ್ ಹಾಕಿ, ಕಾದ ಬಾಣಲೆಯನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಮೇಲೆ ಕವುಚಿ, ಕೆಳಗಿನ ಉರಿ ಸಣ್ಣ ಮಾಡಿ 4–5 ನಿಮಿಷ. ಅಂಚು ಓಟಿಜಿಯಷ್ಟು ಉಬ್ಬದಿದ್ದರೂ ತಿನ್ನಲು ಒಳ್ಳೆಯದೇ.

ಕೆಂಡದ ದಾರಿ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಅಂಗಳದಲ್ಲಿ, ಗಾಳಿಯಾಡುವ ಕಡೆ ಮಾತ್ರ ಮಾಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಪ್ರಾಣಕ್ಕೇ ಅಪಾಯ. 20 ಗೆರಟೆ ಉರಿಸಿ, ಜ್ವಾಲೆ ಇಳಿದು ಬೂದಿ ಹೊದ್ದ ಕೆಂಪು ಕೆಂಡವಾಗಲಿ. ಮೂರು ಕಲ್ಲಿನ ಮೇಲೆ ಕಾವಲಿ, ಅದರಡಿ ಮೂರನೇ ಒಂದು ಪಾಲು ಕೆಂಡ. ಉಳಿದದ್ದನ್ನು ಅಂಚಿರುವ ಕಬ್ಬಿಣದ ಮುಚ್ಚಳದ ಮೇಲೆ ಹರಡಿ 5 ನಿಮಿಷ ಮೊದಲೇ ಕಾಯಿಸಿಟ್ಟುಕೊಳ್ಳಿ. ಕಾವಲಿಗೆ ಪಿಜ್ಜಾ ಜಾರಿಸಿ, ಮುಚ್ಚಿ, 6 ನಿಮಿಷ ಬಿಟ್ಟು ಇಕ್ಕಳದಲ್ಲಿ ಮುಚ್ಚಳ ಎತ್ತಿ ನೋಡಿ. 2016ರ ಡಿಸೆಂಬರಿನ ಒಂದು ಸಂಜೆ ಹೀಗೆ ಎತ್ತಿದಾಗ ಅಂಚಿನಲ್ಲಿ ಕಪ್ಪು ಚುಕ್ಕೆ, ನಡುವೆ ಕುದಿಯುವ ಚೀಸ್, ಮೇಲೆಲ್ಲ ಗೆರಟೆಯ ಸಣ್ಣ ಹೊಗೆಯ ವಾಸನೆ. 32 ವರ್ಷದ ಹಿಂದೆ ಕಾಗದದಲ್ಲಿ ಬಿಡಿಸಿ ತೋರಿಸಿದ ಚಿತ್ರ ಆಗ ಕಣ್ಣಿಗೆ ಕಂಡಿತು. ಅಜ್ಜಿ ಆ ಹೊತ್ತಿಗೆ ಇರಲಿಲ್ಲ.

ಅಂಗಳದ ಮಣ್ಣಿನ ಒಲೆ

ಜಾಗವೂ ಮನಸ್ಸೂ ಇದ್ದವರಿಗೆ ಮಾತ್ರ ಇದು. ಡಿಸೆಂಬರಿನಲ್ಲಿ ಶುರುಮಾಡಿ ಫೆಬ್ರವರಿಗೆ ಮುಗಿಸಬೇಕು. ಮಣ್ಣು ಒಣಗಲು ಬಿಸಿಲು ಬೇಕಲ್ಲ. ಕಟ್ಟೆಯನ್ನು ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ಕಟ್ಟಬಹುದು, ಒಲೆಯ ನೆಲಕ್ಕೆ ಮಾತ್ರ ಮುರಕಲ್ಲು ಬೇಡ. ನಾನು ಹಾಸಿದ ಕಲ್ಲು ನಾಲ್ಕನೇ ಬೆಂಕಿಗೆ ಬಿರುಕುಬಿಟ್ಟು ಪುಡಿ ಉದುರಿಸತೊಡಗಿತು. ಮುರಕಲ್ಲಿನಲ್ಲಿರುವ ಕಬ್ಬಿಣದ ಅದಿರು ತನ್ನೊಳಗೆ ನೀರನ್ನು ಕಟ್ಟಿಟ್ಟುಕೊಂಡಿರುತ್ತದೆ, 300 ಡಿಗ್ರಿಯ ಹತ್ತಿರ ಅದು ಬಿಟ್ಟುಹೋಗುತ್ತದೆ. ನೆಲಕ್ಕೆ ಬೆಂಕಿ ಇಟ್ಟಿಗೆಯೇ ಬೇಕು. ಅದರಡಿಗೆ ಖಾಲಿ ಗಾಜಿನ ಬಾಟಲಿಗಳನ್ನು ಮರದ ಹುಡಿಯಲ್ಲಿ ಹುದುಗಿಸಿ ಒಂದು ಪದರ ಹಾಕಿದರೆ ಬಿಸಿ ಕೆಳಗಿಳಿಯುವುದಿಲ್ಲ.

80 ಸೆಂಟಿಮೀಟರ್ ಅಗಲ, 40 ಎತ್ತರಕ್ಕೆ ಒದ್ದೆ ಮರಳಿನ ಗುಮ್ಮಟ ಮಾಡಿ, ಒದ್ದೆ ಪೇಪರ್ ಹೊದಿಸಿ. ಹುತ್ತದ ಮಣ್ಣು 1 ಪಾಲು, ಮರಳು 2 ಪಾಲು ತುಳಿದು ಹದ ಮಾಡಿ 8–10 ಸೆಂಟಿಮೀಟರ್ ದಪ್ಪಕ್ಕೆ ಮೆತ್ತಿ. ಅದರ ಮೇಲೆ ತೆಂಗಿನ ನಾರು ಬೆರೆಸಿದ ಮಣ್ಣಿನ ಇನ್ನೊಂದು ಪದರ, ಇದು ಕಾವು ಹಿಡಿದಿಡಲು. ಮಣ್ಣು ಬಿಗಿಯಾದ ಮೇಲೆ ಬಾಗಿಲು ಕೊರೆದು ಮರಳು ತೆಗೆಯಿರಿ. ಬಾಗಿಲ ಎತ್ತರ ಒಳಗುಮ್ಮಟದ ಎತ್ತರದ ನೂರಕ್ಕೆ 63ರಷ್ಟು ಇರಬೇಕು, ಅಂದರೆ ಇಲ್ಲಿ 25 ಸೆಂಟಿಮೀಟರ್. ಹೆಚ್ಚಾದರೆ ಬಿಸಿ ಸೋರುತ್ತದೆ, ಕಡಿಮೆಯಾದರೆ ಬೆಂಕಿಗೆ ಗಾಳಿ ಸಾಲದೆ ಹೊಗೆಯಾಡುತ್ತದೆ. 2 ವಾರ ಒಣಗಲಿ, ಆಮೇಲೆ ಒಂದು ವಾರ ದಿನಾ ಸಣ್ಣ ಬೆಂಕಿ. ಜೂನ್ ಬರುವ ಮೊದಲು ಮೇಲೆ ತಗಡಿನ ಮಾಡು ಹಾಕಿಸಿ. ವರ್ಷಕ್ಕೆ 3,500 ಮಿಲಿಮೀಟರ್ ಸುರಿಯುವ ಜಿಲ್ಲೆಯಲ್ಲಿ ಬರಿಯ ಮಣ್ಣು ನಿಲ್ಲುವುದಿಲ್ಲ.

ಉರಿಗೆ ಒಣಗಿದ ಕೊತ್ತಳಿಗೆ (ತೆಂಗಿನ ಗರಿಯ ದಿಂಡು), ಕಟ್ಟಿಗೆ, ಕೊನೆಗೆ ಗೆರಟೆ. ಗೇರುಬೀಜದ ಸಿಪ್ಪೆ ಎಂದಿಗೂ ಬೇಡ, ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲು, ಚರ್ಮ ಎಲ್ಲವನ್ನೂ ಸುಡುತ್ತದೆ. ಮೊದಲು ಗುಮ್ಮಟದ ಒಳಮೈ ಮಸಿಯಿಂದ ಕಪ್ಪಾಗುತ್ತದೆ. ಒಂದೂವರೆ ಗಂಟೆಯ ಮೇಲೆ ಆ ಮಸಿ ತಾನೇ ಸುಟ್ಟುಹೋಗಿ ನೆತ್ತಿ ಬೆಳ್ಳಗಾಗುತ್ತದೆ, ಅದೇ ಗುರುತು. ಬೆಂಕಿಯನ್ನು ಒಂದು ಬದಿಗೆ ತಳ್ಳಿ, ನೆಲವನ್ನು ಒದ್ದೆ ಬಟ್ಟೆ ಕಟ್ಟಿದ ಕೋಲಿನಲ್ಲಿ ಒರೆಸಿ, ಚಿಟಿಕೆ ಹಿಟ್ಟು ಎಸೆದು ನೋಡಿ. ಎಸೆದ ಕೂಡಲೇ ಕರಿಯಾದರೆ ಬಿಸಿ ಹೆಚ್ಚಾಯಿತು, ಸ್ವಲ್ಪ ಇಳಿಯುವವರೆಗೆ ತಡೆಯಬೇಕು. ಇಲ್ಲಿ ಪಿಜ್ಜಾ 2 ನಿಮಿಷದೊಳಗೆ ಬೇಯುತ್ತದೆ, ಬಿಟ್ಟು ಅತ್ತಿತ್ತ ಹೋಗುವಂತಿಲ್ಲ.

ಮೇಲೆ ಏನು ಹಾಕಬಹುದು

ನೀರು ಬಿಡುವ ಯಾವುದನ್ನೂ ಹಸಿಯಾಗಿ ಹಾಕಬಾರದು. ಅಣಬೆ, ದೊಣ್ಣೆಮೆಣಸು, ಈರುಳ್ಳಿಯನ್ನು ಬಾಣಲೆಯಲ್ಲಿ ಬಾಡಿಸಿ ಹಾಕಿ. ಬಸಳೆ ಬೇಡ. ನಮ್ಮ ಮನೆಯಲ್ಲಿ ಎಲ್ಲರೂ ಕೇಳುವುದು ಗುಜ್ಜೆಯದ್ದು, ಅಂದರೆ ಹಲಸಿನ ಎಳೆಕಾಯಿಯದ್ದು. ಎಳೆ ಗುಜ್ಜೆಯನ್ನು ಉಪ್ಪು, ಅರಸಿನ ಹಾಕಿ ಬೇಯಿಸಿ, ಬೆರಳಲ್ಲಿ ಎಳೆಎಳೆ ಬಿಡಿಸಿ, ತೆಂಗಿನೆಣ್ಣೆಯಲ್ಲಿ ಕಾಳುಮೆಣಸಿನ ಪುಡಿಯೊಂದಿಗೆ ಒಣಗುವವರೆಗೆ ಹುರಿದು ಹರಡಿ, ಹೊರಬಂದ ಮೇಲೆ 2 ಗಾಂಧಾರಿ ಮೆಣಸು ಸೀಳಿ ಹಾಕಿದರೆ ಮತ್ತೇನೂ ಬೇಡ. ಅನನಾಸು ಹಾಕುವವರನ್ನು ಕಂಡರೆ ಕೆಲವರಿಗೆ ಆಗುವುದಿಲ್ಲ. 1962ರಲ್ಲಿ ಕೆನಡಾದಲ್ಲಿ ಸ್ಯಾಮ್ ಪನೊಪೌಲೊಸ್ ಎಂಬ ಗ್ರೀಕ್ ಮೂಲದ ಹೋಟೆಲಿನವರು ಶುರುಮಾಡಿದ್ದು ಅದು. ಹಣ್ಣಿಗೆ ಮೆಣಸು ಹಾಕಿ ಮೆಣಸ್ಕಾಯಿ ಮಾಡುವ ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಬೇಕಿಲ್ಲ. ತುಂಡುಗಳನ್ನು ಕಾವಲಿಯಲ್ಲಿ ಸುಟ್ಟು, ರಸ ಆರಿಸಿ ಹಾಕಿ. ಏನೇ ಆದರೂ 2 ಬಗೆಗಿಂತ ಹೆಚ್ಚು ಹೇರಬೇಡಿ. ಭಾರ ಹೆಚ್ಚಾದರೆ ನಡುವಿನ ಹಿಟ್ಟು ಬೇಯುವುದಿಲ್ಲ.

ಉಳಿದ ಪಿಜ್ಜಾವನ್ನು ಮರುದಿನ ಮೈಕ್ರೋವೇವಿನಲ್ಲಿಟ್ಟರೆ ಚರ್ಮದಂತಾಗುತ್ತದೆ. ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ ತುಂಡನ್ನಿಟ್ಟು, ಅಡಿ ಮತ್ತೆ ಗರಿಯಾಗುವವರೆಗೆ 3 ನಿಮಿಷ ಬಿಡಿ. ಆಮೇಲೆ ತುಂಡಿನ ಪಕ್ಕಕ್ಕೆ, ಮೇಲೆ ಬೀಳದಂತೆ, ಅರ್ಧ ಚಮಚ ನೀರು ಚಿಮುಕಿಸಿ ಕೂಡಲೇ ಮುಚ್ಚಿ. ಚುಂಯ್ ಎಂದು ಎದ್ದ ಹಬೆ 1 ನಿಮಿಷದಲ್ಲಿ ಚೀಸನ್ನು ಕರಗಿಸುತ್ತದೆ. ಮುಚ್ಚಳ ತೆಗೆದು ಅರ್ಧ ನಿಮಿಷ ತೇವ ಆರಲು ಬಿಟ್ಟು, ಬಿಸಿಬಿಸಿ ತಿನ್ನಿ.